ನಾನು ಹೊಲಿಯದ ಪರಕರಗಳ ತೆರಿಗೆ

ಮೊಮ್ಮಕ್ಕಳೇ, ನಿಮ್ಮಲ್ಲಿ ಒಬ್ಬ ಕಾಗಲದ ಕಾರ್ಖಾನೆಯಲ್ಲಿ ಪಗಾರ ತೆಗೆದುಕೊಂಡು ಸಂಜೆ ಮೊಬೈಲ್ ರಿಪೇರಿ ಮಾಡುತ್ತಾನೆ. ಒಬ್ಬಳು ಗಡಹಿಂಗ್ಲಜದ ದವಾಖಾನೆಯಲ್ಲಿ ನೌಕರಿ ಮಾಡಿ, ಮನೆಯಲ್ಲಿ ಟ್ಯೂಷನ್ ಹೇಳುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ನೀವಿಬ್ಬರೂ, ಟ್ಯಾಕ್ಸೇ ಬರುವುದಿಲ್ಲ ಎಂದ ಮೇಲೆ ರಿಟರ್ನ್ ಯಾಕೆ ತುಂಬಬೇಕು ಎಂದಿರಿ. ನಿಮ್ಮ ಅಪ್ಪ, ನನ್ನ ಅಳಿಯ, ಎದುರಿಗೆ ಕೂತಿದ್ದರು, ನಾನು ಏನೂ ಹೇಳಲಿಲ್ಲ. ನಾಲ್ಕು ಜನರ ನಡುವೆ ಮಾತಾಡುವುದು ನನಗೆ ಎಂದೂ ಬಂದಿಲ್ಲ. ಬರೆಯುವುದು ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಇದರಲ್ಲಿ ನಿಮ್ಮ ಆಯಿ ಒಳ್ಳೆಯವಳಾಗಿ ಕಾಣುವುದಿಲ್ಲ. ಹಾಗೆ ಕಾಣಬೇಕೆಂದು ನನಗೆ ಆಸೆಯೂ ಇಲ್ಲ.

ಇದು ನಿಮ್ಮ ಅಜ್ಜ ತೀರಿಕೊಂಡ ಮರುವರ್ಷದ ಮಾತು. ಇಚಲಕರಂಜಿಯಲ್ಲಿ ಒಬ್ಬರೇ ಶೇಠರ ಕಡೆ ನಾನು ಎರಡು ಕೆಲಸ ಮಾಡುತ್ತಿದ್ದೆ. ಹಗಲು ಅವರ ಮೆಂಡಿಂಗ್ ಖಾತೆಯಲ್ಲಿ ನೌಕರಿ. ಮಗ್ಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಎಳೆದು, ಜೋಡೆಳೆ, ಗಂಟು, ಎಣ್ಣೆಯ ಕಲೆ ಹುಡುಕಿ ಚಿಮಟದಿಂದ ತೆಗೆಯುವುದು. ಅದಕ್ಕೆ ತಿಂಗಳಿಗೆ ಹದಿನಾಲ್ಕು ಸಾವಿರ ಪಗಾರ. ಬೆಳಿಗ್ಗೆ ಸಂಜೆ ಮನೆಯಲ್ಲಿ, ನನ್ನ ಸ್ವಂತ ಎರಡು ಮೋಟಾರು ಮಷಿನಿನ ಮೇಲೆ, ಸೀರೆಯ ಒಳಗೆ ಉಡುವ ಪರಕರ ಹೊಲಿಯುವುದು. ಬಟ್ಟೆ ಅವರೇ ಕತ್ತರಿಸಿ ಕಳಿಸುತ್ತಿದ್ದರು. ದಾರ, ಸೂಜಿ, ಕರೆಂಟು ನನ್ನದು. ಒಂದು ಪರಕರಕ್ಕೆ ಎಂಟು ರೂಪಾಯಿ. ಆ ದುಡ್ಡು ತಿಂಗಳಿಗೊಮ್ಮೆ ನನ್ನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಶೇಠ ಒಬ್ಬರೇ ಆದರೂ ಸರಕಾರದ ಕಣ್ಣಿಗೆ ಮೊದಲನೆಯದು ನೌಕರಿ, ಎರಡನೆಯದು ನನ್ನ ಸ್ವಂತ ಧಂದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನಿಮ್ಮ ಅಜ್ಜ ಅದೇ ಶೇಠರ ಮಗ್ಗಗಳ ಮೇಲೆ ಇಪ್ಪತ್ತೆರಡು ವರ್ಷ ನೇಯ್ದಿದ್ದರು. ಕೊನೆಯ ದಿನವೂ ಎರಡನೇ ಪಾಳಿ ಮುಗಿಸಿ ಬಂದೇ ಮಲಗಿದ್ದು. ಅವರು ಹೋದ ಎರಡು ತಿಂಗಳಿಗೆ ನಿಮ್ಮ ಅಪ್ಪ ಗ್ರಾಚ್ಯುಟಿ ಕೇಳಲು ಕಾಮಗಾರ ಕಚೇರಿಗೆ, ಅಂದರೆ ಕಾರ್ಮಿಕ ಇಲಾಖೆಗೆ, ಅರ್ಜಿ ಹಾಕಿದರು. ಶೇಠರ ಕಡೆಯಿಂದ ಒಂದು ಸಾಲಿನ ಉತ್ತರ ಬಂತು. ಈ ಹೆಸರಿನ ಕಾಮಗಾರ ನಮ್ಮಲ್ಲಿ ಎಂದೂ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಹೆಸರಿರದೇ ಇದ್ದದ್ದು ನಿಜ. ಯಾವ ನೇಕಾರನ ಹೆಸರೂ ಅಲ್ಲಿ ಇರಲಿಲ್ಲ, ವಾರದ ಪಗಾರ ಕೈಗೆ ಕೊಟ್ಟು ಮುಗಿಸುತ್ತಿದ್ದರು. ಆ ಕಾಗದವನ್ನು ನಾನು ಮಡಚಿ ಟ್ರಂಕಿನಲ್ಲಿಟ್ಟೆ. ಮರುದಿನ ಅದೇ ಶೇಠರ ಮೇಜಿನ ಮುಂದೆ ಕೂತು ಅವರ ಬಟ್ಟೆಯ ಗಂಟು ತೆಗೆದೆ. ಹೊಟ್ಟೆ ಇತ್ತು. ಸಿಟ್ಟು ಹೊಟ್ಟೆಯ ಕೆಳಗೆ ಎಲ್ಲೋ ಹೋಗಿ ಕೂತಿತು.

ನನಗೆ ಮೂರನೇ ಮಷಿನು ಬೇಕಿತ್ತು. ಓಣಿಯ ಹೆಣ್ಣುಮಗಳೊಬ್ಬಳನ್ನು ಕೂಡಿಸಿಕೊಂಡರೆ ನಾಲ್ಕು ಕಾಸು ಹೆಚ್ಚು ಬರುತ್ತಿತ್ತು. ಬ್ಯಾಂಕಿನವರು ಸಾಲ ಕೊಡುತ್ತೇವೆ, ಆದರೆ ಒಂದು ವರ್ಷದ್ದಾದರೂ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತನ್ನಿ ಎಂದರು. ನಾನು ಶೇಠರ ದಿವಾಣಜಿಯನ್ನು ಕೇಳಿದೆ. ದಿವಾಣಜಿ ಎಂದರೆ ಅವರ ಪೇಢಿಯ, ಅಂದರೆ ವ್ಯಾಪಾರದ ಗಾದಿಯ, ಲೆಕ್ಕ, ಕಾಗದ, ಕೊಡುವುದು ತರುವುದು ಎಲ್ಲ ನೋಡುವವರು. ಅವರು ಬಹಳ ಮೃದುವಾಗಿ, ಚಿಕ್ಕಮ್ಮನನ್ನು ಕರೆದಂತೆ, ನಿಮ್ಮ ಆದಾಯ ಮಿತಿಯ ಕೆಳಗಿದೆ ಮಾವಶಿ, ಸುಮ್ಮನೆ ಆ ಉಸಾಬರಿಗೆ ಹೋಗಬೇಡಿ, ಸಾಲ ಬೇಕಾದರೆ ಶೇಠರೇ ಕೊಡುತ್ತಾರೆ ಎಂದರು. ಅಷ್ಟು ಮೃದುವಾಗಿ ಅವರು ಎಂದೂ ಮಾತಾಡಿದವರಲ್ಲ. ಅದಕ್ಕೇ ನಾನು ಒಂದು ದಿನ ರಜೆ ಹಾಕಿ ಎಸ್.ಟಿ. ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಬಂದೆ.

ನನ್ನ ಮಗಳ, ಅಂದರೆ ನಿಮ್ಮ ಅವ್ವನ, ಮನೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಕರ ಸಲಹೆಗಾರ್ತಿ ಇದ್ದರು, ನಿಮಗೂ ಗೊತ್ತು. ಮನೆ ಮಾತು ಕನ್ನಡ. ಅವರನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಅವರು ನನ್ನ ಪ್ಯಾನ್ ನಂಬರು ಹಾಕಿ, ನಿಮ್ಮ ಅವ್ವನ ಫೋನಿಗೆ ಬಂದ ಓಟಿಪಿ ಕೇಳಿ, ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದರು. ವರ್ಷವಿಡೀ ನಮ್ಮ ಹೆಸರಿಗೆ ಯಾರು ಯಾರು ಎಷ್ಟು ದುಡ್ಡು ಕೊಟ್ಟಿದ್ದಾರೆಂದು ಸರಕಾರಕ್ಕೆ ಹೇಳಿದ್ದಾರೋ ಅದೆಲ್ಲ ಆ ಪಟ್ಟಿಯಲ್ಲಿ ಇರುತ್ತದೆ. ಅವರು ಪಟ್ಟಿ ನೋಡಿದರು, ಆಮೇಲೆ ನನ್ನ ಕಾಲಿನ ಚಪ್ಪಲಿ ನೋಡಿದರು, ಮತ್ತೆ ಪಟ್ಟಿ ನೋಡಿದರು.

"ಪಗಾರ ಒಂದ ಲಕ್ಷ ಅರವತ್ತೆಂಟ ಸಾವಿರ. ಬರೋಬರಿ ಐತೇನ್ರಿ ಆಯಿ?"

"ಹೌದ್ರಿ."

"ಹೊಲಿಗಿ ಕೆಲಸದ್ದು ಹದಿನಾಲ್ಕ ಲಕ್ಷ ಅರವತ್ತೆರಡ ಸಾವಿರ."

ನನಗೆ ಅರ್ಥವಾಗಲಿಲ್ಲ. ಚೀಲದಿಂದ ಪಾಸ್‌ಬುಕ್ ತೆಗೆದು ಅವರ ಮುಂದಿಟ್ಟೆ. ಹೊಲಿಗೆಯಿಂದ ವರ್ಷಕ್ಕೆ ಬಂದದ್ದು ಒಂದು ಲಕ್ಷ ಹನ್ನೆರಡು ಸಾವಿರ. ಅವರು ನಂಬಲಿಲ್ಲ. ಉಳಿದದ್ದನ್ನು ರೋಖ, ಅಂದರೆ ನಗದಾಗಿ, ತಗೊಂಡಿರಬೇಕಲ್ಲ, ನನ್ನ ಹತ್ತಿರ ಯಾಕೆ ಮುಚ್ಚಿಡುತ್ತೀರಿ ಎಂದರು. ಕಳ್ಳಿಯನ್ನು ನೋಡುವಂತೆ ಅವರು ನನ್ನನ್ನು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಅವರ ತಪ್ಪಿಲ್ಲ. ನಿಮ್ಮ ಅವ್ವ ನನ್ನ ಪರವಾಗಿ ಜಗಳಕ್ಕೆ ನಿಂತಳು. ಕೊನೆಗೆ ಬಾಯಾರು ಕ್ಯಾಲ್ಕುಲೇಟರು ಎಳೆದುಕೊಂಡರು. ಹದಿನಾಲ್ಕು ಲಕ್ಷ ಅರವತ್ತೆರಡು ಸಾವಿರವನ್ನು ಎಂಟರಿಂದ ಭಾಗಿಸಿ, ಬಂದದ್ದನ್ನು ವರ್ಷದ ದಿನಗಳಿಂದ ಭಾಗಿಸಿದರು. ಹಬ್ಬ, ರಜೆ ಎಲ್ಲ ಹಿಡಿದು ದಿನಕ್ಕೆ ಐನೂರು ಪರಕರ ಬಂತು.

"ಐನೂರ ಪರಕರ ದಿನಾ," ಎಂದರು ಬಾಯಾರು. "ಎರಡ ಮಷಿನಿನ ಮ್ಯಾಲ. ನೌಕರಿ ಮಾಡಿ ಬಂದು. ಆಯಿ, ನಿಮಗ ಕೈ ಎಷ್ಟ ಅದಾವ್ರಿ?"

ಆಗ ಅವರು ನಕ್ಕರು, ನನಗೂ ಕುಡಿಯಲು ನೀರು ಕೊಟ್ಟರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ನಾವು ಹೊಲಿಗೆಯಂಥ ಕೆಲಸ ಗುತ್ತಿಗೆಯ ಮೇಲೆ ಮಾಡಿದರೆ ಕೊಡುವವರು ನೂರಕ್ಕೆ ಒಂದು ರೂಪಾಯಿ ಹಿಡಿದು ನಮ್ಮ ಹೆಸರಿನಲ್ಲಿ ಸರಕಾರಕ್ಕೆ ಕಟ್ಟುತ್ತಾರೆ, ಅದು ಟಿಡಿಎಸ್. ಶೇಠರು ನನ್ನ ಹೆಸರಿನಲ್ಲಿ ಹದಿನಾಲ್ಕು ಸಾವಿರದ ಆರುನೂರ ಇಪ್ಪತ್ತು ರೂಪಾಯಿ ಕಟ್ಟಿದ್ದರು. ನನಗೆ ಕೊಡದ ಹದಿಮೂರೂವರೆ ಲಕ್ಷವನ್ನು ಕೊಟ್ಟೆವೆಂದು ತಮ್ಮ ಖರ್ಚಿನಲ್ಲಿ ಬರೆದಿದ್ದರು. ಅಷ್ಟು ಲಾಭ ಕಡಿಮೆ ತೋರಿಸಿ ತಾವು ಕಟ್ಟಬೇಕಾದ ತೆರಿಗೆಯಲ್ಲಿ ನಾಲ್ಕು ಲಕ್ಷ ಉಳಿಸಿಕೊಂಡಿದ್ದರು.

ನಾನು ಕೇಳಿದ್ದು ಒಂದೇ ಮಾತು. ಈಗ ನನಗೆ ದಂಡ ಬೀಳುತ್ತದೆಯೇ?

ಇಲ್ಲ ಎಂದರು. ಮಕ್ಕಳೇ, ಇದನ್ನು ಲಕ್ಷ್ಯಗೊಟ್ಟು ಓದಿ, ಯಾಕೆಂದರೆ ಅವರ ಜಾಣತನ ಇಲ್ಲೇ ಇತ್ತು. ಸಣ್ಣ ಧಂದೆಯವರಿಗೆ ಒಂದು ಸವಲತ್ತು ಇದೆ. ಲೆಕ್ಕದ ಪುಸ್ತಕ ಇಡದಿದ್ದರೂ ನಡೆಯುತ್ತದೆ, ರೋಖ ಬಂದ ಹಣದಲ್ಲಿ ನೂರಕ್ಕೆ ಎಂಟನ್ನು ಲಾಭ ಎಂದು ತೋರಿಸಿದರೆ ಸಾಕು. ಹದಿನಾಲ್ಕು ಲಕ್ಷ ಅರವತ್ತೆರಡು ಸಾವಿರಕ್ಕೆ ಆ ಲಾಭ ಒಂದು ಲಕ್ಷ ಹದಿನೇಳು ಸಾವಿರದ ಹತ್ತಿರ. ಪಗಾರದಲ್ಲಿ ಎಲ್ಲ ನೌಕರರಿಗೂ ಸಿಗುವ ಐವತ್ತು ಸಾವಿರದ ಕಡಿತ ಕಳೆದರೆ ಒಂದು ಲಕ್ಷ ಹದಿನೆಂಟು ಸಾವಿರ. ಎರಡೂ ಕೂಡಿಸಿದರೆ ಎರಡೂವರೆ ಲಕ್ಷದ ಒಳಗೇ ಉಳಿಯಿತು. ತೆರಿಗೆ ಸೊನ್ನೆ. ಮೇಲಾಗಿ ಕಟ್ಟಿದ ಟಿಡಿಎಸ್ ಪೂರ್ತಿ ನನ್ನ ಖಾತೆಗೆ ವಾಪಸು.

ಅಂದರೆ ಸುಳ್ಳನ್ನು ಒಪ್ಪಿಕೊಂಡರೆ ಹದಿನಾಲ್ಕು ಸಾವಿರದ ಆರುನೂರ ಇಪ್ಪತ್ತು ನನ್ನ ಕೈಗೆ. ಸತ್ಯ ಹೇಳಿದರೆ, ಎಷ್ಟು ಆದಾಯ ತೋರಿಸಿದ್ದೇನೋ ಅಷ್ಟರ ಟಿಡಿಎಸ್ ಮಾತ್ರ ಕೇಳಬಹುದು, ಸಾವಿರದ ನೂರ ಇಪ್ಪತ್ತು. ನಡುವಿನ ಅಂತರ ನನ್ನ ಒಂದು ತಿಂಗಳ ಪಗಾರದಷ್ಟು.

ಬಾಯಾರು ಯಾವುದನ್ನೂ ಒತ್ತಾಯ ಮಾಡಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಿದರು. ಈ ವರ್ಷ ಹದಿನಾಲ್ಕು ಬರೆದವರು ಬರುವ ವರ್ಷ ಇಪ್ಪತ್ತು ಲಕ್ಷದ ಮೇಲೆ ಬರೆದರೆ ಜಿಎಸ್‌ಟಿಯವರು ನಿಮ್ಮ ಬಾಗಿಲಿಗೆ ಬರುತ್ತಾರೆ, ಶೇಠರ ಬಾಗಿಲಿಗೆ ಅಲ್ಲ. ಆಮೇಲೆ ಅವರು ಕೇಳಬಾರದ ಪ್ರಶ್ನೆ ಕೇಳಿದರು.

"ಎಲ್ಲೆರೆ ಸಹಿ ಮಾಡಿ ಕೊಟ್ಟೀರೇನ್ರಿ?"

ಕೊಟ್ಟಿದ್ದೆ. ನಿಮ್ಮ ಅಜ್ಜನ ಹದಿಮೂರನೇ ದಿನ ಮುಗಿದ ಮರುದಿನ ಕೆಲಸಕ್ಕೆ ಸೇರಲು ಹೋದಾಗ ದಿವಾಣಜಿ, ದುಡ್ಡು ಮುಟ್ಟಿತೆಂದು ಸಹಿ ಹಾಕುವ ಮೂರು ವೋಚರ್ ಪುಸ್ತಕ ಮುಂದಿಟ್ಟಿದ್ದರು. ಪೇಢಿಯಲ್ಲಿ ಗಂಡಸರು ತುಂಬಿರುತ್ತಾರೆ, ನೀವು ಹೊಸದಾಗಿ ಕುಂಕುಮ ಕಳಕೊಂಡವರು, ದುಡ್ಡು ಬ್ಯಾಂಕಿಗೇ ಬೀಳುತ್ತದೆ, ವೋಚರಿನ ಸಹಿಗಾಗಿ ಪ್ರತಿ ವಾರ ಬಂದು ಸಾಲಿನಲ್ಲಿ ನಿಲ್ಲುವುದು ಬೇಡ, ಒಮ್ಮೆಗೇ ಎಲ್ಲಕ್ಕೂ ಸಹಿ ಮಾಡಿಬಿಡಿ ಎಂದಿದ್ದರು. ಖಾಲಿ ಹಾಳೆ, ಮೂಲೆಯಲ್ಲಿ ರೆವಿನ್ಯೂ ಟಿಕೀಟು ಆಗಲೇ ಅಂಟಿಸಿತ್ತು. ನನಗೆ ಅಳು ಬಂದಿತ್ತು, ಇಷ್ಟು ದಯೆ ಇದೆಯಲ್ಲ ಎಂದು. ನೂರೈವತ್ತು ಹಾಳೆಗೆ ಟಿಕೀಟಿನ ಮೇಲೆ ಸಹಿ ಮಾಡಿದ್ದೆ. ಐದು ಸಾವಿರದ ಒಳಗಿನ ದುಡ್ಡಿಗೆ ಟಿಕೀಟು ಬೇಕಿಲ್ಲ ಎಂಬುದು, ನನ್ನ ವಾರದ ಹೊಲಿಗೆ ಎರಡು ಸಾವಿರದ ಮೇಲೆ ಹೋಗುವುದೇ ಕಷ್ಟ ಎಂಬುದು ಆಗ ಹೊಳೆಯಲಿಲ್ಲ. ಗಂಡಸರ ಮುಂದೆ ನಿಲ್ಲುವ ನಾಚಿಕೆಯನ್ನು ಅವರು ನನ್ನ ಕೈಯಿಂದಲೇ ಕೊಂಡುಕೊಂಡಿದ್ದರು.

ಬಾಯಾರು ತಲೆಗೆ ಕೈ ಹಚ್ಚಿದರು. "ಸಹಿ ನಿಮ್ಮದ ಆತಂದ್ರ ರೊಕ್ಕಾನೂ ನಿಮ್ಮದ ಆತ್ರಿ ಆಯಿ. ಮುಗೀತು. ಒಂಬತ್ತ ಸಾವಿರದಂಗ ನೂರೈವತ್ತ ವೋಚರ್ ಬರದಿರತಾರ. ಹತ್ತ ಸಾವಿರದ ಮ್ಯಾಲ ರೋಖ ಕೊಡಾಕ ಬರೂದಿಲ್ಲ, ಅದಕ್ಕ."

ಅಂದು ಏನೂ ತುಂಬದೆ ಇಚಲಕರಂಜಿಗೆ ವಾಪಸು ಬಂದೆ. ದಾರಿಯುದ್ದಕ್ಕೂ ಒಂದೇ ವಿಚಾರ. ಇಪ್ಪತ್ತೆರಡು ವರ್ಷ ದುಡಿದವರ ಹೆಸರನ್ನು ಇವರು ಒಂದು ಸಾಲಿನಲ್ಲೂ ಬರೆಯಲಿಲ್ಲ. ದುಡಿಯದ ದುಡಿಮೆಗೆ ನನ್ನ ಹೆಸರನ್ನು ನೂರೈವತ್ತು ಸಲ ಬರೆದರು. ಹಣದ ಆಸೆ ನನಗೆ ಇರಲಿಲ್ಲ ಎನ್ನಲಾರೆ. ಮಷಿನಿನ ಮುಂಗಡಕ್ಕೆ ಆ ಹದಿನಾಲ್ಕು ಸಾವಿರ ಸಾಕಾಗುತ್ತಿತ್ತು. ಆದರೆ ಅದನ್ನು ತೆಗೆದುಕೊಂಡರೆ ಶೇಠರ ಲೆಕ್ಕ ಚೊಕ್ಕ ಆಗುತ್ತಿತ್ತು. ಅವರ ಲೆಕ್ಕ ಚೊಕ್ಕ ಆಗಬಾರದು ಎಂದು ನಾನು ಗಟ್ಟಿ ಮಾಡಿಕೊಂಡೆ. ಇದನ್ನು ಪ್ರಾಮಾಣಿಕತೆ ಎಂದು ಹೇಳಬೇಡಿ. ನನಗೆ ಆ ಮನುಷ್ಯನನ್ನು ಕೆಡವಬೇಕಿತ್ತು, ಕೆಡವಲು ಸತ್ಯವೇ ಕೈಗೆ ಸಿಕ್ಕಿತು.

ಮುಂದಿನ ವಾರ ಬಾಯಾರಿಗೆ ಫೋನು ಮಾಡಿ, ಖರೇ ಎಷ್ಟೋ ಅಷ್ಟೇ ತುಂಬಿರಿ ಎಂದೆ. ಹೊಲಿಗೆಯ ಒಂದು ಲಕ್ಷ ಹನ್ನೆರಡು ಸಾವಿರದಲ್ಲಿ ದಾರ, ಸೂಜಿ, ಮಷಿನಿನ ಕರೆಂಟು, ಎಣ್ಣೆ ಸೇರಿ ಹದಿನೆಂಟು ಸಾವಿರ ಖರ್ಚು ಕಳೆದು ತೊಂಬತ್ತನಾಲ್ಕು ಸಾವಿರ ಲಾಭ ತೋರಿಸಿದರು. ದಾರದ ಖರ್ಚನ್ನು ಪಗಾರದಲ್ಲಿ ಕಳೆಯಲು ಬರುವುದಿಲ್ಲ, ಪಗಾರದ ಕಡಿತವನ್ನು ಧಂದೆಯಲ್ಲಿ ಹಿಡಿಯಲು ಬರುವುದಿಲ್ಲ. ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಿ ಕೊನೆಗೆ ಮಾತ್ರ ಕೂಡಿಸುವುದು. ನೀವೂ ರಿಪೇರಿ, ಟ್ಯೂಷನ್ನಿನ ದುಡ್ಡಿಗೆ ಒಂದು, ಪಗಾರಕ್ಕೆ ಒಂದು ಖಾತೆ ಬೇರೆ ಇಡಿ. ನನ್ನನ್ನು ಮುಂದೆ ಉಳಿಸಿದ್ದರಲ್ಲಿ ಆ ಪಾಸ್‌ಬುಕ್ಕಿನ ಪಾಲೂ ಇದೆ.

ರಿಟರ್ನಿನ ಜೊತೆಗೆ ಬಾಯಾರು ಪಟ್ಟಿಯ ಆ ಸಾಲಿನ ಎದುರು, ಈ ಮಾಹಿತಿ ಪೂರ್ತಿ ಸರಿಯಿಲ್ಲ ಎಂದು ದಾಖಲು ಮಾಡಿದರು. ಇಲಾಖೆ ಅದನ್ನು ಶೇಠರಿಗೆ ಕಳಿಸಿ ಕೇಳುತ್ತದೆ ಎಂದೂ ಮೊದಲೇ ಹೇಳಿದರು. ಕೇಳಿತು. ಸರಿಯಿದೆ ಎಂದು ಅವರು ಉತ್ತರಿಸಿದರು. ನಮ್ಮ ಆಕ್ಷೇಪ ಬಿದ್ದುಹೋಯಿತು, ಮೇಲಾಗಿ ನಾನು ಏನು ಮಾಡಿದ್ದೇನೆಂದು ಅವರಿಗೆ ತಿಳಿಯಿತು.

ಮೂರನೇ ದಿನ ದಿವಾಣಜಿ ಮೆಂಡಿಂಗ್ ಖಾತೆಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು. ಮರಾಠಿ ಮನುಷ್ಯ, ಆದರೆ ನೇಕಾರರ ಜೊತೆ ಇದ್ದು ಇದ್ದು ನಮ್ಮ ಮಾತು ಚೆನ್ನಾಗಿ ಆಡುತ್ತಿದ್ದರು.

"ಮಾವಶಿ, ನಿಮ್ಮ ಖಿಸೇದಿಂದ ಏನ್ ಹೋಗೇತ್ರಿ? ಉಲ್ಟಾ ಹದಿನಾಕ ಸಾವಿರ ಬರೂದಿತ್ತು."

ನಾನು ಬಟ್ಟೆ ನೋಡುತ್ತಿದ್ದೆ.

"ಶೇಠ ಹೇಳ್ಯಾರ, ಮ್ಯಾಲ ಐದ ಸಾವಿರ ಕೊಡೂಣು. ರಿಟರ್ನ್ ತಿದ್ದಿ ತುಂಬ್ರಿ. ಇಲ್ಲಾಂದ್ರ ನೋಡ್ರಿ, ಸಹಿ ನಿಮ್ಮದ ಐತಿ. ಸುಳ್ಳ ಹೇಳಿದ್ದು ನೀವ ಆಗತೀರಿ."

ವಿಚಾರ ಮಾಡುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವರು ತೃಪ್ತಿಯಿಂದ ಹೋದರು. ಒಂದು ವಾರ ಕಾದು, ನನ್ನಿಂದ ಏನೂ ಬಾರದಿದ್ದಾಗ ಪರಕರದ ಗಂಟು ಕಳಿಸುವುದನ್ನು ನಿಲ್ಲಿಸಿದರು. ನೌಕರಿಯಿಂದ ತೆಗೆಯಲಿಲ್ಲ, ತೆಗೆದರೆ ಬಾಯಿ ಬಿಡುತ್ತಾಳೆಂಬ ಅನುಮಾನ ಇರಬೇಕು. ಮನೆಯ ಎರಡು ಮಷಿನಿನ ಮೇಲೆ ಬಟ್ಟೆ ಹೊದಿಸಿದೆ. ಸಾಲದ ಮಾತು ಬಿಟ್ಟೆ. ಹಗಲು ಅವರ ಬಟ್ಟೆಯ ತಪ್ಪು ಎಳೆಗಳನ್ನು ಒಂದೊಂದಾಗಿ ಕೀಳುತ್ತ ಕೂತೆ. ಆ ದಿನಗಳಲ್ಲಿ ನನ್ನ ಕೆಲಸ ಎಂದಿಗಿಂತ ಚೊಕ್ಕವಾಗಿತ್ತು ಎಂದು ಮೇಸ್ತ್ರಿ ಹೇಳುತ್ತಿದ್ದ.

ಬಾಯಾರು ಎರಡನೇ ದಾರಿ ಹಿಡಿದರು. ತೆರಿಗೆ ತಪ್ಪಿಸುವವರ ಮೇಲೆ ತಕರಾರು ಕೊಡಲು ಇಲಾಖೆಯ ಜಾಲತಾಣದಲ್ಲೇ ಒಂದು ಅರ್ಜಿ ಇದೆ. ಅದರ ಜೊತೆಗೆ ಕೊಡಲು ನನ್ನಿಂದ ಕಾಗದ ಕೂಡಿಸಿದರು. ಪಾಸ್‌ಬುಕ್ಕು, ಗಂಟು ಒಯ್ದು ತಂದಾಗಿನ ಚಲನುಗಳು, ವರ್ಷದ ಕರೆಂಟು ಬಿಲ್ಲು. ಬಿಲ್ಲು ಯಾಕೆಂದರೆ ದಿನಕ್ಕೆ ಐನೂರು ಹೊಲಿಯುವ ಮೋಟಾರು ತಿನ್ನುವ ಯುನಿಟ್ಟು ನಮ್ಮ ಮನೆಯ ಬಿಲ್ಲಿನಲ್ಲಿ ಹುಡುಕಿದರೂ ಇರಲಿಲ್ಲ. ಹಾಜರಿಯ ಪ್ರತಿ ಸಿಗಲಿಲ್ಲ. ಚಲನುಗಳಲ್ಲಿ ಎರಡು ತಿಂಗಳದ್ದು ಇಲಿ ಕಡಿದಿತ್ತು. ಆದರೂ ಕಳಿಸಿದೆವು. ಐದು ತಿಂಗಳು ಯಾರೂ ಮಾತಾಡಲಿಲ್ಲ. ಆರನೇ ತಿಂಗಳು ಕೊಲ್ಹಾಪುರದ ಆದಾಯ ತೆರಿಗೆ ಕಚೇರಿಯಿಂದ ಕರೆ ಬಂತು. ಹಾಜರಾಗಿ ಹೇಳಿಕೆ ಕೊಡಬೇಕು.

ಬಾಯಾರು ಜೊತೆಗೆ ಬಂದರು. ಬಸ್ಸಿನಲ್ಲಿ ನನಗೆ ಒಂದೇ ಪಾಠ ಹೇಳಿಕೊಟ್ಟರು. ಸಹಿ ನನ್ನದಲ್ಲ ಎಂದು ಮಾತ್ರ ಹೇಳಬೇಡಿ, ಕೇಳಿದ್ದಕ್ಕೆ ಅಷ್ಟೇ ಉತ್ತರ ಕೊಡಿ, ಖಾಲಿ ಹಾಳೆಗೆ ಸಹಿ ಮಾಡಿದ್ದೆ ಎಂದು ಹೇಳಿ. ನಂಬುವುದು ಬಿಡುವುದು ಸಾಹೇಬರಿಗೆ ಬಿಟ್ಟದ್ದು. ಅವರ ದನಿಯಲ್ಲಿ ಭರವಸೆ ಇರಲಿಲ್ಲ.

ಕೋಣೆಯಲ್ಲಿ ಸಾಹೇಬರು, ಟೈಪು ಮಾಡುವ ಒಬ್ಬ ಗುಮಾಸ್ತ, ಎದುರಿನ ಕುರ್ಚಿಯಲ್ಲಿ ದಿವಾಣಜಿ ಮತ್ತು ಶೇಠರ ಲೆಕ್ಕ ತಪಾಸಣೆಯವರು ಇದ್ದರು. ಶೇಠರು ಬಂದಿರಲಿಲ್ಲ. ನಾಲ್ಕು ಜನ ಗಂಡಸರು. ಸಾಹೇಬರು ಮರಾಠಿಯಲ್ಲಿ ಮಾತಾಡಿದರು, ಒಳ್ಳೆಯ ಮನುಷ್ಯ, ಕೂಡಿಸಿದರು. ಪ್ರಮಾಣ ಮಾಡಿಸಿದರು. ಆಮೇಲೆ ಮೂರು ವೋಚರ್ ಪುಸ್ತಕ ನನ್ನ ಮುಂದೆ ಸರಿಸಿ, ಸಹಿ ನಿಮ್ಮದೇನಾ ಎಂದು ಕೇಳಿದರು.

ಹೌದು ಎಂದೆ. ದಿವಾಣಜಿ ಕುರ್ಚಿಗೆ ಒರಗಿದರು.

ನಾನು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡೆ. ಆ ಹಾಳೆಗಳನ್ನು ಸಹಿ ಮಾಡಿದ ಮೇಲೆ ನಾನು ನೋಡಿರಲೇ ಇಲ್ಲ. ಈಗ ಪ್ರತಿ ಹಾಳೆಯಲ್ಲೂ ನನ್ನ ಹೆಸರು, ಒಂಬತ್ತು ಸಾವಿರ, ಬೇರೆ ಬೇರೆ ತಾರೀಖು, ಎಲ್ಲ ಮರಾಠಿಯಲ್ಲಿ ದಿವಾಣಜಿಯ ಅಕ್ಷರದಲ್ಲಿ ತುಂಬಿತ್ತು. ಕೆಳ ಮೂಲೆಯಲ್ಲಿ ಟಿಕೀಟಿನ ಮೇಲೆ ನನ್ನ ಕನ್ನಡ ಸಹಿ. ಆ ಸಹಿಯ ಕೆಳಗೆ, ಅರ್ಧ ಟಿಕೀಟಿನ ಮೇಲೆ, ಅರ್ಧ ಹಾಳೆಯ ಮೇಲೆ, ನನ್ನದೇ ಕೈಯಲ್ಲಿ ಸಣ್ಣಗೆ ಕನ್ನಡ ಅಂಕಿಗಳು.

ದತ್ತವಾಡದ ಹತ್ತಿರದ ನನ್ನ ತವರಿನಲ್ಲಿ ನಾನು ಓದಿದ್ದು ಕನ್ನಡ ಶಾಲೆ, ಏಳನೆಯ ವರೆಗೆ. ಸಹಿಯ ಕೆಳಗೆ ಆ ದಿನದ ತಾರೀಖು ಹಾಕದೆ ಕೈ ಎತ್ತಿದರೆ ನಮ್ಮ ಮಾಸ್ತರರು ಬೆರಳಿನ ಮೇಲೆ ಹೊಡೆಯುತ್ತಿದ್ದರು. ಆ ಬೆರಳುಗಳಿಗೆ ಅದು ಇಂದಿಗೂ ಅಭ್ಯಾಸ. ಎಲ್ಲಿ ಸಹಿ ಮಾಡಿದರೂ ತಾರೀಖು ತಾನೇ ಬೀಳುತ್ತದೆ, ಹಾಕಿದ ನೆನಪೂ ಇರುವುದಿಲ್ಲ. ದಿವಾಣಜಿಗೆ ಕನ್ನಡ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸಹಿಯ ಬಾಲ ಎಂದು ತಿಳಿದು ಅದರ ಮೇಲೆ ತಮಗೆ ಬೇಕಾದ ತಾರೀಖು ಬರೆದುಕೊಂಡು ಹೋಗಿದ್ದರು.

ನಾನು ಮೊದಲ ಹಾಳೆ ನೋಡಿದೆ, ನಡುವಿನದು ನೋಡಿದೆ, ಕೊನೆಯ ಪುಸ್ತಕದ ಕೊನೆಯದು ನೋಡಿದೆ. ಮೂರರಲ್ಲೂ ಒಂದೇ ದಿನ, ನಿಮ್ಮ ಅಜ್ಜನ ಹದಿಮೂರನೇ ದಿನದ ಮರುದಿನ. ಇನ್ನೆರಡು ಸಲ ಹಾಳೆ ತಿರುವಿದೆ, ಬೇಕೆಂದೇ ನಿಧಾನ ಮಾಡಿದೆ. ದಿವಾಣಜಿ ಇನ್ನೂ ಒರಗಿ ಕೂತಿದ್ದರು. ಅವರು ಹಾಗೆ ಕೂತಿರುವುದನ್ನು ಇನ್ನೊಂದು ಸ್ವಲ್ಪ ಹೊತ್ತು ನೋಡಬೇಕೆನಿಸಿತ್ತು.

ಆಮೇಲೆ ಆ ಅಂಕಿಗಳ ಮೇಲೆ ಬೆರಳಿಟ್ಟು ಸಾಹೇಬರಿಗೆ ತೋರಿಸಿದೆ. ಅವರಿಗೂ ಓದಲು ಬರಲಿಲ್ಲ. ಟೈಪು ಮಾಡುವವ ಸಂಕೇಶ್ವರದ ಕಡೆಯ ಕನ್ನಡದವನಂತೆ, ಎದ್ದು ಬಂದು ಬಗ್ಗಿ ನೋಡಿದ.

"ಇದು ತಾರೀಖ ಏನ್ರಿ ಆಯಿ?"

"ಹೌದ್ರಿ. ಸಹಿ ಮಾಡಿದ ದಿನದ್ದು."

ಅವನು ಒಂದು ಪುಸ್ತಕದ ಹತ್ತು ಹಾಳೆ ತಿರುವಿ ಓದಿದ, ಇನ್ನೊಂದರ ಹತ್ತು ಓದಿದ. ಮರಾಠಿಯಲ್ಲಿ ಸಾಹೇಬರಿಗೆ, ಎಲ್ಲದರ ಮೇಲೂ ಒಂದೇ ದಿನ ಇದೆ ಸಾಹೇಬ್ ಎಂದ. ಸಾಹೇಬರು ದೀಪಾವಳಿಯ ವಾರದ್ದೆಂದು ಬರೆದ ವೋಚರನ್ನು ದಿವಾಣಜಿಯ ಕಡೆ ತಿರುಗಿಸಿ, ಈ ಹೆಂಗಸು ದೀಪಾವಳಿಯಲ್ಲಿ ತೆಗೆದುಕೊಂಡ ದುಡ್ಡಿಗೆ ಏಳು ತಿಂಗಳು ಮೊದಲೇ ಹೇಗೆ ಸಹಿ ಮಾಡಿದಳು ಎಂದು ಕೇಳಿದರು. ಲೆಕ್ಕ ತಪಾಸಣೆಯವರು ತಮ್ಮ ಚೀಲದ ಜಿಪ್ಪು ಹಾಕಿಕೊಂಡರು. ಆ ಸಪ್ಪಳ ನನಗೆ ಬಹಳ ಇಷ್ಟವಾಯಿತು.

ದಿವಾಣಜಿ ಅಲ್ಲಿ ಬಾಯಿ ಹರಿಬಿಟ್ಟರು. ಅವರ ಹೇಳಿಕೆಯನ್ನೂ ಪ್ರಮಾಣದ ಮೇಲೆ ಬರೆದುಕೊಳ್ಳುತ್ತಿದ್ದರು ಎಂಬುದನ್ನೇ ಮರೆತರು. ಈ ಹೆಂಗಸಿಗೆ ಉಪಕಾರದ ನೆನಪಿಲ್ಲ ಸಾಹೇಬ್ ಎಂದರು. ಇವಳ ಗಂಡ ಇಪ್ಪತ್ತೆರಡು ವರ್ಷ ನಮ್ಮ ಶೆಡ್ಡಿನಲ್ಲಿ ಮಗ್ಗ ನಡೆಸಿ ಹೊಟ್ಟೆ ಹೊರೆದುಕೊಂಡ, ಸತ್ತ ಮೇಲೆ ಶೇಠರು ಕರುಣೆಯಿಂದ ಇವಳಿಗೆ ಕೆಲಸ ಕೊಟ್ಟರು, ಅಂಥವರ ಮೇಲೆ ಈಗ ತಕರಾರು ಮಾಡುತ್ತಾಳೆ. ಗುಮಾಸ್ತ ಟೈಪು ಮಾಡುತ್ತಲೇ ಇದ್ದ.

ಇಪ್ಪತ್ತೆರಡು ವರ್ಷ. ನಮ್ಮ ಶೆಡ್ಡಿನಲ್ಲಿ.

ನಾನು ತಲೆ ತಗ್ಗಿಸಿದೆ. ಮುಖ ಮೇಲೆತ್ತಿದ್ದರೆ ಅವರಿಗೆ ತಿಳಿದುಬಿಡುತ್ತಿತ್ತು. ಸೀರೆಯ ಸೆರಗು ಹಿಡಿದು ಹಾಗೇ ಕೂತೆ, ಅವಮಾನವಾಯಿತೆಂದು ಅವರು ತಿಳಿದುಕೊಳ್ಳಲಿ ಎಂದು. ದಿವಾಣಜಿ ಸಿಟ್ಟಿನಲ್ಲೇ ತಮ್ಮ ಹೇಳಿಕೆಯ ಹಾಳೆಗಳ ಮೇಲೆ ಕಣ್ಣಾಡಿಸಿ ಸಹಿ ಒತ್ತಿದರು. ಹೊರಗೆ ಬಂದು ಮೆಟ್ಟಿಲಿಳಿದ ಮೇಲೆ ನಾನು ಬಾಯಾರನ್ನು ಕೇಳಿದ್ದು ವೋಚರಿನ ಬಗ್ಗೆ ಅಲ್ಲ.

"ದಿವಾಣಜಿ ಹೇಳಿದ್ದರ ನಕಲು ನಮಗ ಸಿಗತೈತೇನ್ರಿ?"

ಬಾಯಾರು ನಿಂತು ನನ್ನನ್ನು ನೋಡಿದರು. ಅರ್ಜಿ ಹಾಕಿದರು. ತಿಂಗಳ ಮೇಲಾಯಿತು, ಎರಡು ಸಲ ಓಡಾಡಿದೆವು, ಮುದ್ರೆ ಒತ್ತಿದ ನಕಲು ಬಂತು.

ನನ್ನ ಹೆಸರಿನ ಹದಿಮೂರೂವರೆ ಲಕ್ಷದ ಖರ್ಚನ್ನು ಇಲಾಖೆ ತಳ್ಳಿಹಾಕಿತು. ಅಷ್ಟಕ್ಕೇ ನಿಲ್ಲಲಿಲ್ಲ. ಪುಸ್ತಕ ತೆರೆದಾಗ ನನ್ನ ಹಾಗೆ ಇನ್ನೂ ಒಂಬತ್ತು ಹೆಂಗಸರ ಹೆಸರು ಸಿಕ್ಕವು. ಶೇಠರು ತೆರಿಗೆ, ಬಡ್ಡಿ, ದಂಡ ಕಟ್ಟಬೇಕಾಯಿತು, ಎಷ್ಟೆಂದು ನನಗೆ ಗೊತ್ತಿಲ್ಲ. ಅವರ ಹೊಸ ಕಾರು ಆ ವರ್ಷ ಮನೆಯ ಮುಂದೆ ಕಾಣಲಿಲ್ಲ. ಆ ಒಂಬತ್ತು ಜನರಲ್ಲಿ ಮೂವರಿಗೆ ತಮ್ಮ ಪ್ಯಾನ್ ಕಾರ್ಡು ಕೊಟ್ಟದ್ದಕ್ಕೆ ವರ್ಷಕ್ಕೆ ಐನೂರು ಸಿಗುತ್ತಿತ್ತು. ಅದು ನಿಂತಿತು ಎಂದು ನಲ್ಲಿಯ ಹತ್ತಿರ ನನ್ನನ್ನು ಬೈದರು. ಬೈಸಿಕೊಂಡೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಐನೂರಿಗಾಗಿ ಪಶ್ಚಾತ್ತಾಪವೂ ಇಲ್ಲ. ನನ್ನನ್ನು ಕೆಲಸದಿಂದ ತೆಗೆದರು. ನನ್ನ ಖಾತೆಗೆ ಸಾವಿರದ ನೂರ ಇಪ್ಪತ್ತು ರೂಪಾಯಿ ವಾಪಸು ಬಂತು. ನಾನು ಪ್ಯಾಟಿಯ ಬೇರೆ ಇಬ್ಬರು ವ್ಯಾಪಾರಿಗಳಿಂದ ಹೊಲಿಗೆ ತಂದು ಮಷಿನಿನ ಮೇಲಿನ ಬಟ್ಟೆ ತೆಗೆದೆ.

ದಿವಾಣಜಿಯ ಹೇಳಿಕೆಯ ನಕಲನ್ನೂ ಟ್ರಂಕಿನ ಆ ಹಳೆಯ ಉತ್ತರವನ್ನೂ ಜೋಡಿಸಿ ಗ್ರಾಚ್ಯುಟಿಗೆ ಮತ್ತೆ ಅರ್ಜಿ ಹಾಕಿದೆ. ತಡವಾದದ್ದಕ್ಕೆ ಕಾರಣ ಬರೆದೆ. ಒಂದು ಕಾಗದದಲ್ಲಿ ಈ ಹೆಸರಿನ ಕಾಮಗಾರ ಎಂದೂ ಇರಲಿಲ್ಲ, ಇನ್ನೊಂದರಲ್ಲಿ ಇಪ್ಪತ್ತೆರಡು ವರ್ಷ ನಮ್ಮ ಶೆಡ್ಡಿನಲ್ಲಿ. ನೋಟೀಸು ಹೋದ ಹತ್ತನೇ ದಿನ ಶೇಠರು ತಾವೇ ನಮ್ಮ ಮನೆಗೆ ಬಂದರು. ನಮ್ಮ ಓಣಿಗೆ ಅವರು ಕಾಲಿಟ್ಟದ್ದು ಅದೇ ಮೊದಲು, ನಿಮ್ಮ ಅಜ್ಜನ ಮಣ್ಣಿಗೂ ಬಂದಿರಲಿಲ್ಲ. ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿನ ಬಟ್ಟೆ ಚೀಲ ತಟ್ಟಿ, ಪೂರ್ತಿ ಒಂದು ಲಕ್ಷ ಐವತ್ತೆರಡು ಸಾವಿರ ಇದೆ, ಎಣಿಸಿಕೊಳ್ಳಿ, ಅರ್ಜಿ ವಾಪಸು ತಗೊಳ್ಳಿ ಎಂದರು.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಗಂಡಸರ ಮುಂದೆ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

"ರೋಖ ಬ್ಯಾಡ್ರಿ ಶೇಠ. ಚೆಕ್ ಕೊಡ್ರಿ. ಇದು ಯಾರ ದುಡ್ಡು, ಎದರದ್ದು, ಎಷ್ಟ ವರ್ಷದ್ದು ಅಂತ ಪತ್ರದಾಗ ಬರದ ಕೊಡ್ರಿ. ನಾ ಈಗ ರಿಟರ್ನ್ ತುಂಬತೇನ್ರಿ. ತೋರಿಸಬೇಕಾಗತೈತಿ."

ಅದಕ್ಕೆ ತೆರಿಗೆ ಇಲ್ಲ, ಹಾಗಾದರೆ ತೋರಿಸುವುದು ಯಾಕೆ ಎಂದರು ಅವರು. ತೆರಿಗೆ ಇಲ್ಲದ್ದನ್ನು ತೋರಿಸಲೂ ಒಂದು ಕೋಷ್ಟಕ ಇದೆ ಎಂದೆ. ಅವರು ಚೀಲ ಎತ್ತಿಕೊಂಡು ಎದ್ದರು. ಮರುದಿನ ಪೇಢಿಯ ಹಾಳೆಯಲ್ಲಿ ಪತ್ರ ಬರೆಸಿ, ಸಿಕ್ಕಾ ಹೊಡೆದು, ಚೆಕ್ ಜೊತೆ ತಂದರು. ನಿಮ್ಮ ಅಜ್ಜನ ಹೆಸರು, ನೇಕಾರ, ಇಪ್ಪತ್ತೆರಡು ವರ್ಷದ ಸೇವೆ, ಗ್ರಾಚ್ಯುಟಿ. ಕೆಳಗೆ ಶೇಠರ ಸಹಿ. ನಾನು ಎರಡು ಸಲ ಓದಿದೆ. ಅವರು ಹೊರಡುವಾಗ ಬಾಗಿಲಲ್ಲಿ ತಿರುಗಿ, ದನಿ ತಗ್ಗಿಸಿ ಕೇಳಿಕೊಂಡರು.

"ಈ ಪತ್ರ ನಿಮ್ಮಲ್ಲೇ ಇರಲಿ ಮಾವಶಿ. ಬಾಕಿ ನೇಕಾರರ ಮನಿಯವರಿಗೆ ತಿಳೀಬಾರದು. ಹಾಜರಿ ಬುಕ್ಕಿನ್ಯಾಗ ಯಾರದೂ ಹೆಸರ ಇಲ್ಲ. ಎಲ್ಲಾರೂ ಬಂದ್ರ ನಾ ಮುಳಗತೇನಿ."

ನಾನು ತಲೆ ತಗ್ಗಿಸಿ ನಿಂತೆ. ಗಂಡಸರು ಕೇಳಿದ್ದಕ್ಕೆ ತಲೆ ತಗ್ಗಿಸಿ ನಿಂತ ಹೆಂಗಸು ಒಪ್ಪಿದಳು ಎಂದು ಅವರು ತಿಳಿದರು. ನೆಮ್ಮದಿಯಿಂದ ಕೈ ಮುಗಿದು ಹೋದರು.

ಚೆಕ್ಕಿನ ದುಡ್ಡು ಖಾತೆಗೆ ಬೀಳುವವರೆಗೆ ನಾಲ್ಕು ದಿನ ಕಾದೆ. ಐದನೇ ದಿನ ಸೋಮವಾರ. ಪತ್ರದ ಮೂರು ಝೆರಾಕ್ಸ್ ತೆಗೆಸಿಕೊಂಡು, ಅದೇ ಶೆಡ್ಡಿನ ಮೂವರು ನೇಕಾರರ ವಿಧವೆಯರನ್ನು ಕರೆದುಕೊಂಡು ಕಾಮಗಾರ ಕಚೇರಿಗೆ ಹೋದೆ. ಅವರಲ್ಲಿ ಒಬ್ಬಳಿಗೆ ಸಹಿ ಮಾಡಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ತಾರೀಖು ನಾನು ಹಾಕಿದೆ.